ಹಳೆಯ ಫ್ರಿಜ್, ಓವನ್, ಬಲ್ಬ್: ಯಾವುದನ್ನು ಬಿಚ್ಚಬಹುದು, ಯಾವುದನ್ನು ಮುಟ್ಟಬಾರದು

ಪ್ರಶ್ನೆ: ಕೆಟ್ಟುಹೋದ ಫ್ರಿಜ್ಜನ್ನು ಗುಜರಿಗೆ ಹಾಕುವ ಮುನ್ನ ಗ್ಯಾಸ್ ಹೊರಬಿಟ್ಟು ಕಂಪ್ರೆಸರ್ ಬಿಚ್ಚಿಕೊಳ್ಳಬೇಕೆಂದಿದ್ದೇನೆ. ಪೈಪನ್ನು ಎಲ್ಲಿ ಕತ್ತರಿಸಬೇಕು?

ಉತ್ತರ: ಎಲ್ಲಿಯೂ ಕತ್ತರಿಸಬೇಡಿ. ಮೊದಲು ಕಂಪ್ರೆಸರ್ ಮೇಲೋ ಫ್ರಿಜ್ಜಿನ ಹಿಂಬದಿಯಲ್ಲೋ ಅಂಟಿಸಿರುವ ಚೀಟಿ ಓದಿ. ಆರ್-600ಎ ಎಂದಿದ್ದರೆ ಒಳಗಿರುವುದು ಐಸೊಬ್ಯುಟೇನ್ ಎಂಬ ಉರಿಯುವ ಅನಿಲ. ಮನೆಯ ಫ್ರಿಜ್ಜಿನಲ್ಲಿ ಅದು ಸಾಮಾನ್ಯವಾಗಿ ನೂರು ಗ್ರಾಮಿಗಿಂತ ಕಡಿಮೆ. ಆದರೆ ಗಾಳಿಯಲ್ಲಿ ಅದರ ಪ್ರಮಾಣ ಶೇ 1.8 ತಲುಪಿದರೆ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರವಾದ್ದರಿಂದ ಮುಚ್ಚಿದ ಕೋಣೆಯಲ್ಲಿ ನೆಲದ ಮಟ್ಟದಲ್ಲೇ ಸೇರಿಕೊಳ್ಳುತ್ತದೆ. ಆರ್-134ಎ ಹೀಗೆ ಹೊತ್ತಿಕೊಳ್ಳುವ ಅನಿಲವಲ್ಲ, ನಿಜ. ಆದರೆ ಅದರ ಒಂದು ಕಿಲೊ, ನೂರು ವರ್ಷಗಳ ಲೆಕ್ಕದಲ್ಲಿ, ಸುಮಾರು 1,400 ಕಿಲೊ ಇಂಗಾಲದ ಡೈಆಕ್ಸೈಡಿನಷ್ಟು ಶಾಖವನ್ನು ಹಿಡಿದಿಡುತ್ತದೆ. ತೀರಾ ಹಳೆಯ ಫ್ರಿಜ್ಜುಗಳಲ್ಲಿನ ಆರ್-12 ಓಝೋನ್ ಪದರಕ್ಕೂ ಕುತ್ತು. 1987ರ ಮಾಂಟ್ರಿಯಲ್ ಒಪ್ಪಂದ ಅದರ ತಯಾರಿಕೆಗೆ ಕಡಿವಾಣ ಹಾಕಿತು.

ಗ್ಯಾಸ್ ತೆಗೆಯುವುದು ತರಬೇತಿ ಪಡೆದ ಮೆಕ್ಯಾನಿಕ್ ಕೆಲಸ. ಅವರು ಗ್ಯಾಸ್ ತುಂಬಿಸುವ ಚಾರ್ಜಿಂಗ್ ಪೈಪಿಗೆ ಚುಚ್ಚುವ ವಾಲ್ವ್ ಕೂರಿಸಿ, ರಿಕವರಿ ಯಂತ್ರದಿಂದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ಳುತ್ತಾರೆ. ಆರ್-600ಎ ಆದರೆ, ಉರಿಯುವ ಅನಿಲಕ್ಕೆಂದೇ ಮಾಡಿದ ಯಂತ್ರವೇ ಬೇಕು. ಸಿಲಿಂಡರನ್ನು ಶೇ 80ಕ್ಕಿಂತ ಹೆಚ್ಚು ತುಂಬಿಸುವಂತಿಲ್ಲ. ಬಿಸಿಯಾಗಿ ದ್ರವ ಹಿಗ್ಗಿದಾಗ ಜಾಗವಿಲ್ಲದಿದ್ದರೆ ಸಿಲಿಂಡರ್ ಸಿಡಿಯಬಹುದು. ಗ್ಯಾಸ್ ಹೋದ ಮೇಲೂ ಕಂಪ್ರೆಸರ್ ಆಯಿಲಿನಲ್ಲಿ ಸ್ವಲ್ಪ ಕರಗಿ ಉಳಿದಿರುತ್ತದೆ. ಆ ಆಯಿಲನ್ನು ಎಂಜಿನ್ ಆಯಿಲಿಗೆ ಬೆರೆಸದೆ, ಬಿಗಿ ಮುಚ್ಚಳದ ಬೇರೆ ಡಬ್ಬಿಯಲ್ಲೇ ಇಡಬೇಕು. ಫ್ರಿಜ್ಜಿನ ಗೋಡೆಯೊಳಗಿನ ಹಳದಿ ಫೋಮನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದೇ ಬೇಸರದ ಸಂಗತಿ. ಹಳೆಯ ಫ್ರಿಜ್ಜುಗಳಲ್ಲಿ ಪೈಪಿನಲ್ಲಿರುವುದಕ್ಕಿಂತ ಹೆಚ್ಚು ಸಿಎಫ್‌ಸಿ (ಆರ್-12ರಂತೆ ಓಝೋನ್ ಪದರಕ್ಕೆ ಕುತ್ತಾದ ಅನಿಲ) ಆ ಫೋಮಿನಲ್ಲಿರುತ್ತದೆ. ಸುತ್ತಿಗೆಯಿಂದ ಒಡೆದರೆ ಅದೂ ಹೊರಟುಹೋಗುತ್ತದೆ.

ನೀವು ಮಾಡಬಹುದಾದದ್ದು: ಪ್ಲಗ್ ಕಿತ್ತು, ಮಂಜು ಕರಗಿಸಿ, ತಟ್ಟೆಗಳನ್ನೂ ಬಲ್ಬನ್ನೂ ತೆಗೆಯಿರಿ. ಬಾಗಿಲನ್ನು ಕಳಚಿಡಿ, ಮಕ್ಕಳು ಒಳಗೆ ಸೇರಿಕೊಂಡು ಉಸಿರುಗಟ್ಟಿದ ಪ್ರಕರಣಗಳಿವೆ. ಹಿಂಬದಿಯ ಪೈಪುಗಳು ಬಾಗದಂತೆ, ನಿಲ್ಲಿಸಿಯೇ ಸಾಗಿಸಿ.

ಪ್ರಶ್ನೆ: ಸದ್ದೇ ಮಾಡದ, ಕಂಪ್ರೆಸರ್ ಇಲ್ಲದ ಹಳೆಯ ಪುಟ್ಟ ಫ್ರಿಜ್ಜಿನ ಹಿಂದೆ ಹಳದಿ ಪುಡಿ ಕಾಣುತ್ತಿದೆ. ಒರೆಸಬಹುದೇ?

ಉತ್ತರ: ಬರಿಗೈಯಲ್ಲಿ ಮುಟ್ಟಬೇಡಿ, ಗುಡಿಸಲೂ ಬೇಡಿ. ಇದು ಅಮೋನಿಯಾ ದ್ರಾವಣದಿಂದ ತಣ್ಣಗಾಗುವ ಫ್ರಿಜ್. ಉಕ್ಕಿನ ಕೊಳವೆ ತುಕ್ಕು ಹಿಡಿಯದಿರಲೆಂದು ದ್ರಾವಣಕ್ಕೆ ಸೋಡಿಯಂ ಕ್ರೋಮೇಟ್ ಸೇರಿಸಿರುತ್ತಾರೆ. ಹಳದಿ ಪುಡಿ ಬಹುಪಾಲು ಅದರದ್ದೇ, ಅಂದರೆ ಕೊಳವೆ ಸೋರಿದೆ. ಕ್ರೋಮೇಟ್ ಕ್ಯಾನ್ಸರ್‌ಕಾರಕ. ಫ್ರಿಜ್ ಆರಿಸಿ, ಕಿಟಕಿ ತೆರೆದು, ಅಪಾಯಕಾರಿ ತ್ಯಾಜ್ಯ ನಿಭಾಯಿಸುವವರಿಗೇ ಒಪ್ಪಿಸಿ.

ಪ್ರಶ್ನೆ: ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಬಹುದೇ?

ಉತ್ತರ: ಹೊರ ಕವಚವನ್ನೇ ತೆರೆಯದಿರುವುದು ಲೇಸು. ಒಳಗಿನ ಕೆಪಾಸಿಟರ್ ಸುಮಾರು 2,000 ವೋಲ್ಟ್ ತಡೆಯುವಂಥದ್ದು, ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟಿರಬಹುದು. ಅದನ್ನು ತಾನಾಗಿ ಬರಿದಾಗಿಸುವ ರೆಸಿಸ್ಟರ್ ಇರುತ್ತದೆಂದು ನಂಬಿ ಕೈಹಾಕಬೇಡಿ, ಅದೂ ಕೆಟ್ಟಿರಬಹುದು. ಮೈಕ್ರೋವೇವ್ ಅಲೆಗಳನ್ನು ಹುಟ್ಟಿಸುವ ಭಾಗವಾದ ಮ್ಯಾಗ್ನೆಟ್ರಾನಿನ ಸೆರಾಮಿಕ್ ಉಂಗುರವನ್ನಂತೂ ಒಡೆಯಲೂ ಉಜ್ಜಲೂ ಬಾರದು. ಕೆಲವದರಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ; ಅದರ ಧೂಳು ಶ್ವಾಸಕೋಶವನ್ನು ಕಾಯಂ ಆಗಿ ಹಾಳುಮಾಡಬಲ್ಲದು. ನೋಡಿ ಗುರುತಿಸಲಾಗದು.

ಪ್ರಶ್ನೆ: ಸಂಗ್ರಹ ಕೇಂದ್ರಕ್ಕೆ ಕೊಡುವವರೆಗೆ ಬಲ್ಬು, ಬ್ಯಾಟರಿಗಳನ್ನು ಹೇಗೆ ಇಡಬೇಕು?

ಉತ್ತರ: ಸಿಎಫ್‌ಎಲ್ ಬಲ್ಬಿನಲ್ಲಿ ಕೆಲವೇ ಮಿಲಿಗ್ರಾಂ ಪಾದರಸ ಇರುತ್ತದೆ. ಪೇಪರ್ ಸುತ್ತಿ ಗಟ್ಟಿ ಡಬ್ಬಿಯಲ್ಲಿಡಿ. ಒಡೆದರೆ ಕಿಟಕಿ ತೆರೆದು ಹದಿನೈದು ನಿಮಿಷ ಹೊರಗಿರಿ. ಆಮೇಲೆ ಕೈಗವಸು ಹಾಕಿ, ದಪ್ಪ ರಟ್ಟಿನಿಂದ ಚೂರು ಬಾಚಿ, ಉಳಿದ ಪುಡಿಯನ್ನು ಅಂಟು ಟೇಪಿನಿಂದ ಎತ್ತಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ. ವ್ಯಾಕ್ಯೂಮ್ ಕ್ಲೀನರ್ ಬಳಸಿದರೆ ಪಾದರಸದ ಆವಿ ಮನೆಯಿಡೀ ಹರಡುತ್ತದೆ. ಹಳೆಯ ಥರ್ಮೋಸ್ಟಾಟಿನ ಗಾಜಿನ ಕೊಳವೆಯಲ್ಲಿ ಪಾದರಸ ಗ್ರಾಂ ಲೆಕ್ಕದಲ್ಲಿರುತ್ತದೆ. ಅದನ್ನು ಒಡೆಯದೆ ಇಡಿಯಾಗಿಯೇ ಇಡಿ.

ಲಿಥಿಯಂ ಬ್ಯಾಟರಿಗಳ ಎರಡೂ ತುದಿಗೆ ಟೇಪ್ ಅಂಟಿಸಿ, ಒಂದಕ್ಕೊಂದು ತಾಗದಂತೆ ತಂಪಾದ ಒಣ ಜಾಗದಲ್ಲಿಡಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಒಣ ಮರಳು ತುಂಬಿದ ಲೋಹದ ಡಬ್ಬಿಯಲ್ಲಿ, ಗ್ಯಾಸ್ ಕಟ್ಟಿಕೊಳ್ಳದಂತೆ ಮುಚ್ಚಳ ಸಡಿಲವಾಗಿಟ್ಟು, ಮನೆಯಿಂದ ಹೊರಗೆ ನೆರಳಿನಲ್ಲಿಡಿ. ಅದನ್ನು ಮಾತ್ರ ಇತರ ಸಾಮಾನಿನ ಜೊತೆ ಗುಡ್ಡೆ ಹಾಕಿ ಕಾಯದೆ, ಮೊದಲು ಕೊಟ್ಟು ಬನ್ನಿ.