ಬೆಂಗಳೂರು ಈಗಲೇ ಬೇಡ ಅಕ್ಕಾ, ಪ್ರಕಾಶ್ ಪಡುಕೋಣೆ ಕಲಿತದ್ದೂ ಮದುವೆ ಹಾಲ್‌ನಲ್ಲೇ

ಅಕ್ಕಾ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಹತ್ತು ವರ್ಷದ ಮಗ ಚೆನ್ನಾಗಿ ಶಟಲ್ ಆಡುತ್ತಾನೆ, ತೀರ್ಥಹಳ್ಳಿಯಲ್ಲಿ ನಿಮಗೆ ಸಿಗೋದು ಸಮುದಾಯ ಭವನದ ಒಂದೇ ಕೋರ್ಟ್, ಅದರ ಸೂರೂ ತಗ್ಗು, ಮದುವೆ ಇದ್ದರೆ ಅದೂ ಇಲ್ಲ, ಹಾಗಾಗಿ ಅವನನ್ನು ಬೆಂಗಳೂರಿನ ನೆಂಟರ ಮನೆಯಲ್ಲಿ ಬಿಟ್ಟು ಅಕಾಡೆಮಿಗೆ ಸೇರಿಸೋಣವಾ ಅಂತ ಕೇಳಿದ್ದೀರಿ. ಮೇಲಿನ ಉತ್ತರಗಳಲ್ಲಿ ಸುಮಾರು ಜನ ಸೇರಿಸಿಬಿಡಿ ಅಂದಿದ್ದಾರೆ. ನಾನು ಬೇಡ ಅನ್ನುತ್ತೇನೆ, ಇನ್ನೂ ಮೂರ್ನಾಲ್ಕು ವರ್ಷ ಬೇಡ.

ಪ್ರಕಾಶ್ ಪಡುಕೋಣೆಯವರ ಶುರುವಾತು ಹೇಗಿತ್ತು ನೋಡಿ. ಮೂಲ ಊರು ಘಟ್ಟದ ಕೆಳಗೆ, ಕುಂದಾಪುರದ ಹತ್ತಿರದ ಪಡುಕೋಣೆ. ಹುಟ್ಟಿದ್ದು 1955ರಲ್ಲಿ, ಬೆಂಗಳೂರಿನಲ್ಲಿ. ಆದರೆ ಆಗಿನ ಬೆಂಗಳೂರಿನಲ್ಲಿ ಈಗಿನ ಹಾಗೆ ಬೀದಿಗೊಂದು ಕೋರ್ಟ್ ಎಲ್ಲಿತ್ತು? ಅವರಿಗೆ ಸಿಕ್ಕಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್, ಅದೂ ಮದುವೆ ನಡೆಯುವ ಜಾಗವೇ. ಇವತ್ತು ಏನಾದರೂ ಕಾರ್ಯಕ್ರಮ ಇದೆಯಾ ಅಂತ ಮೊದಲು ನೋಡಬೇಕು, ಇಲ್ಲ ಅಂತಾದರೆ ಶಾಲೆ ಬಿಟ್ಟ ತಕ್ಷಣ ಹಾಲ್‌ಗೆ ಓಡಬೇಕು. ಇದನ್ನು ಅವರೇ ಬರೆದುಕೊಂಡಿದ್ದಾರೆ. ನಿಮ್ಮ ಮಗನ ಕಥೆಯೂ ಅದೇ ಅಲ್ವಾ? 1962ರಲ್ಲಿ ರಾಜ್ಯ ಜೂನಿಯರ್ ಟೂರ್ನಿಗೆ ಹೋದ ಹುಡುಗ ಮೊದಲ ಸುತ್ತಿನಲ್ಲೇ ಸೋತ. ಎರಡು ವರ್ಷ ಬಿಟ್ಟು ಅದೇ ಟೂರ್ನಿ ಗೆದ್ದ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು, ಮಗನಿಗೆ ಕಲಿಸಿದ್ದೂ ಅವರೇ. ಮನೆಯಲ್ಲಿ ಆಟ ಗೊತ್ತಿದ್ದವರು ಇದ್ದರು ಅನ್ನೋದನ್ನು ಮರೆಯಬಾರದು. ಅದಕ್ಕೇ ಹೇಳೋದು, ನೀವೋ ಭಾವನವರೋ ದಿನಾ ಒಂದರ್ಧ ಗಂಟೆ ಅವನ ಎದುರು ನಿಂತು ಶಟಲ್ ಹಾಕಿಕೊಡಿ.

ಆಮೇಲಿನದ್ದು ಎಲ್ಲರಿಗೂ ಗೊತ್ತು, ಬೇಗ ಹೇಳಿಬಿಡುತ್ತೇನೆ. ಹದಿಹರೆಯದಲ್ಲೇ ರಾಷ್ಟ್ರೀಯ ಚಾಂಪಿಯನ್, ಅಲ್ಲಿಂದ ಸತತ 9 ಸಲ. 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ. 1980ರಲ್ಲಿ ಡೆನ್ಮಾರ್ಕ್, ಸ್ವೀಡನ್ ಎರಡೂ ಕಡೆ ಗೆದ್ದು, ಅದರ ಬೆನ್ನಿಗೇ ಬ್ಯಾಡ್ಮಿಂಟನ್ನಿನ ಹಳೆಯ, ದೊಡ್ಡ ಟೂರ್ನಿಯಾದ ಆಲ್ ಇಂಗ್ಲೆಂಡ್.

ಆ ಆಲ್ ಇಂಗ್ಲೆಂಡ್ ಫೈನಲ್ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು, ನಿಮ್ಮ ಹುಡುಗನಿಗೆ ಬೇಕಾದ್ದು ಅದರಲ್ಲೇ ಇದೆ. ಎದುರಿಗೆ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್, ಹಿಂದಿನ ಎರಡು ವರ್ಷವೂ ಅಲ್ಲಿ ಗೆದ್ದವರು, ಹಾರಿ ಹೊಡೆಯುವ ಸ್ಮ್ಯಾಶ್‌ಗೆ, ಅಂದರೆ ಮೇಲಿಂದ ಕೆಳಕ್ಕೆ ಜೋರಾಗಿ ಬಡಿಯುವ ಹೊಡೆತಕ್ಕೆ, ಹೆಸರುವಾಸಿ. ಅವರ ಜೊತೆ ಬಲಕ್ಕೆ ಬಲ ಕೊಟ್ಟು ಆಡಿದರೆ ಆಗುವ ಮಾತಲ್ಲ. ಪ್ರಕಾಶ್ ಹೊಡೆತಕ್ಕೆ ಇಳಿಯಲೇ ಇಲ್ಲ. ನೆಟ್ ಹತ್ತಿರ ಮೆತ್ತಗೆ ಇಡೋದು, ಅರ್ಧ ಸ್ಮ್ಯಾಶ್, ಮತ್ತೆ ಕೋರ್ಟ್‌ನ ಹಿಂದಕ್ಕೆ ಎತ್ತರಕ್ಕೆ ಎತ್ತಿ ಹಾಕುವ ಟಾಸ್, ಹೀಗೆ ಆಟದ ವೇಗವನ್ನೇ ತಮ್ಮ ಕೈಗೆ ತಗೊಂಡರು. 15-3, 15-10. ಆಗ ಸರ್ವಿಸ್ ಮಾಡಿದವರಿಗೆ ಮಾತ್ರ ಪಾಯಿಂಟ್, ಹಾಗಾಗಿ ಅಂಥ ಆಟಗಾರನನ್ನು 3ಕ್ಕೆ ನಿಲ್ಲಿಸೋದು ಅಂದರೆ ಸಣ್ಣ ಮಾತಲ್ಲ. ಮಾರನೇ ವರ್ಷ ಅದೇ ಫೈನಲ್‌ನಲ್ಲಿ ಕಿಂಗ್ ಸೇಡು ತೀರಿಸಿಕೊಂಡರು, ಅದೂ ನಿಜ.

ಈಗ ನಿಮ್ಮ ತಗ್ಗು ಸೂರಿನ ವಿಷಯ. ಅಲ್ಲಿ ಎತ್ತರದ ಟಾಸ್ ಆಡಲು ಆಗೋದಿಲ್ಲ, ಸೂರಿಗೆ ಬಡಿಯುತ್ತದೆ. ಹಾಗಾದರೆ ಅಲ್ಲಿ ಬೇರೆಯದನ್ನು ಕಲಿಸಿ. ನೆಟ್‌ನಿಂದ ಸರ್ವಿಸ್ ಗೆರೆಯವರೆಗಿನ ಜಾಗದಲ್ಲಿ ಮಾತ್ರ ಆಡಿಸಿ, ಶಟಲ್ ನೆಟ್ಟನ್ನು ಸವರಿಕೊಂಡು ಹೋಗಬೇಕು, ಒಂದು ಗೇಣಿಗಿಂತ ಮೇಲೆ ಎದ್ದರೆ ಪಾಯಿಂಟ್ ಹೋಯಿತು. ಬ್ಯಾಟ್ ಬಿಗಿಯಾಗಿ ಹಿಡಿಯಲು ಬಿಡಬೇಡಿ. ಬೆರಳು ಸಡಿಲ ಇರಬೇಕು, ಶಟಲ್ ತಾಗುವ ಹೊತ್ತಿಗೆ ಮಾತ್ರ ಹಿಡಿತ. ಇನ್ನೊಂದು, ಬ್ಯಾಟನ್ನು ಬೇಗ ಎತ್ತಿ ಶಟಲ್ ಹತ್ತಿರ ಒಂದು ಕ್ಷಣ ತಡೆದು, ಎದುರಿನವನು ಯಾವ ಕಡೆ ವಾಲಿದ ಅಂತ ನೋಡಿ ಆಮೇಲೆ ಹೊಡೆಯೋದು. ಇದು ಬಂದರೆ ದೊಡ್ಡ ಹುಡುಗರೂ ತಬ್ಬಿಬ್ಬಾಗುತ್ತಾರೆ. ಟಾಸ್ ಮತ್ತು ಸ್ಮ್ಯಾಶ್‌ಗೆ ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಕರೆತಂದು ಎತ್ತರದ ಸೂರಿನ ಕೋರ್ಟ್‌ನಲ್ಲಿ ಆಡಿಸಿದರೆ ಸದ್ಯಕ್ಕೆ ಸಾಕು.

ಬ್ಯಾಡ್ಮಿಂಟನ್ ಆಟಗಾರ ಲಕ್ಷ್ಯ ಸೇನ್ ಚಿಕ್ಕ ವಯಸ್ಸಿಗೇ ಉತ್ತರಾಖಂಡದ ಅಲ್ಮೋರಾದಿಂದ ಬೆಂಗಳೂರಿನ ಪಡುಕೋಣೆ ಅಕಾಡೆಮಿಗೆ ಬಂದರಲ್ಲ ಅಂತ ಯಾರಾದರೂ ಕೇಳಬಹುದು. ಬಂದರು, ಆದರೆ ಅವರ ತಂದೆಯೇ ಕೋಚ್, ಮಗ ಎಲ್ಲಿ ನಿಂತಿದ್ದಾನೆ ಅಂತ ಅಳೆಯಬಲ್ಲವರು. ನಿಮ್ಮ ಹುಡುಗನನ್ನು ಇನ್ನೂ ಯಾರೂ ಅಳೆದಿಲ್ಲ. ಮೊದಲು ಜಿಲ್ಲೆಯ ಟೂರ್ನಿ, ಆಮೇಲೆ ರಾಜ್ಯದ್ದು ಆಡಲಿ. ಜಿಲ್ಲೆಯಲ್ಲಿ ಎದುರಾಳಿಯೇ ಇಲ್ಲ ಅನ್ನುವ ಹಂತ ಬಂದಾಗ ಹೊರಗೆ ಕಳಿಸಿ, ಆಗ ನಾನೇ ಕಳಿಸಿ ಅನ್ನುತ್ತೇನೆ. ಪ್ರಕಾಶ್ ಕೂಡ ಆಲ್ ಇಂಗ್ಲೆಂಡ್ ಗೆದ್ದ ಮೇಲೆ ಡೆನ್ಮಾರ್ಕ್‌ಗೆ ಹೋಗಿ ಅಲ್ಲಿನ ಕ್ಲಬ್ ಸೇರಿ ವರ್ಷಗಟ್ಟಲೆ ಆಡಿದರು, ಇಲ್ಲಿ ಅವರಿಗೆ ಸಮ ಜೋಡಿ ಸಿಗುತ್ತಿರಲಿಲ್ಲ. 1981ರ ವಿಶ್ವಕಪ್ ಗೆಲುವು, 1983ರ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಎಲ್ಲ ಆ ಕಾಲದ್ದು.

ಮಗ ಶಾಲೆ ಬಿಡಬೇಕಾಗಿಲ್ಲ, ಮನೆ ಬಿಡಬೇಕಾಗಿಲ್ಲ. ಈಗ ದುಡ್ಡು ಹಾಕೋದಾದರೆ ಒಳ್ಳೆ ಶೂಗೆ ಹಾಕಿ, ದುಬಾರಿ ಬ್ಯಾಟ್ ಸುಮ್ನೆ ದಂಡ. ನೈಲಾನ್ ಶಟಲ್ ಸಾಕು, ಟೂರ್ನಿ ಹತ್ತಿರ ಬಂದಾಗ ಗರಿಯದ್ದು ಕೊಡಿ. ನಿಮ್ಮ ಭವನದ ನೆಲ ಎಂಥದ್ದು ಅಂತ ಇಲ್ಲೇ ತಿಳಿಸಿ. ಟೈಲ್ಸ್ ಆದರೆ ಮಳೆಗಾಲದ ಥಂಡಿಗೆ ಬೆವರಿ ಜಾರುತ್ತದೆ, ಆಡುವ ಮುಂಚೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಲೇಬೇಕು. ಬರೀ ಸಿಮೆಂಟ್ ಆದರೆ ಹಾರುವ ಕಸರತ್ತೆಲ್ಲ ಹೊರಗೆ ಮಣ್ಣಿನ ಅಂಗಳದಲ್ಲಿ ಮಾಡಿಸಿ, ಬೆಳೆಯುವ ಮಕ್ಕಳ ಮಂಡಿಗೆ ಸಿಮೆಂಟ್ ಒಳ್ಳೆಯದಲ್ಲ.