ಬೆಲ್ಲದ ಲೇಬಲ್‌ಗೆ ಎಕ್ಸ್‌ಪರ್ಟ್ ಸರಿಯೋ, ವೆಟರನ್ ಸರಿಯೋ?

ಮದ್ದೂರಿನ ಆಲೆಮನೆಯಲ್ಲಿ 30 ವರ್ಷದಿಂದ ಬೆಲ್ಲ ಮಾಡುತ್ತಿರುವ ನಿಮ್ಮ ತಂದೆಯವರ ಬಗ್ಗೆ ಡಬ್ಬಿಯ ಇಂಗ್ಲಿಷ್ ಲೇಬಲ್‌ನಲ್ಲಿ ಎಕ್ಸ್‌ಪರ್ಟ್, ವೆಟರನ್, ಸ್ಕಿಲ್ಡ್, ಎಕ್ಸ್‌ಪೀರಿಯನ್ಸ್ಡ್ ಇವುಗಳಲ್ಲಿ ಯಾವುದು ಹಾಕೋದು ಅಂತ ಕೇಳಿದ್ದೀರಿ.

ವೆಟರನ್ ಬೇಡ. ನಮ್ಮ ಪೇಪರ್‌ನವರು ವೆಟರನ್ ನಟ, ವೆಟರನ್ ರಾಜಕಾರಣಿ ಅಂತ ಧಾರಾಳವಾಗಿ ಬರೆಯುತ್ತಾರೆ ನಿಜ, ಆದರೆ ಡಬ್ಬಿ ಅಮೆರಿಕಕ್ಕೂ ಹೋಗುತ್ತದೆ ಅಂದಿದ್ದೀರಲ್ಲ, ಅಲ್ಲಿ ಆ ಪದಕ್ಕೆ ಮೊದಲು ನೆನಪಾಗೋದೇ ಮಾಜಿ ಸೈನಿಕರು.

ಸ್ಕಿಲ್ಡ್ ತಪ್ಪೇನಲ್ಲ. ಆದರೆ ನಮ್ಮ ಕನಿಷ್ಠ ಕೂಲಿ ಪಟ್ಟಿಯಲ್ಲಿ ಅನ್‌ಸ್ಕಿಲ್ಡ್, ಸೆಮಿಸ್ಕಿಲ್ಡ್, ಸ್ಕಿಲ್ಡ್ ಅಂತ ದರ್ಜೆಗಳಿವೆ, ಅದರ ವಾಸನೆ ಬರುತ್ತದೆ. ಆಲೆಮನೆ ಯಜಮಾನರಿಗೆ ಅದು ಯಾಕೆ ಸುಮ್ನೆ?

ಎಕ್ಸ್‌ಪೀರಿಯನ್ಸ್ಡ್ ಅಂದರೆ ಎಷ್ಟು ಕಾಲ ಮಾಡಿದ್ದಾರೆ ಅಂತ ತಿಳಿಯುತ್ತದೆ, ಎಷ್ಟು ಚೆನ್ನಾಗಿ ಅನ್ನೋದು ತಿಳಿಯೋದಿಲ್ಲ. ಎಕ್ಸ್‌ಪರ್ಟ್ ಇದಕ್ಕೆ ಉಲ್ಟಾ, ವಿಷಯ ಆಳವಾಗಿ ಬಲ್ಲವರು ಅಂತ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಕಬ್ಬಿನ ವಿಜ್ಞಾನಿಯೂ ಎಕ್ಸ್‌ಪರ್ಟೇ, ಅವರು ಕೊಪ್ಪರಿಗೆ ಮುಂದೆ ನಿಂತು ಬೆಲ್ಲ ಕಾಯಿಸಿರಲೇಬೇಕು ಅಂತೇನಿಲ್ಲ ಅಲ್ವಾ.

ನಾನಾಗಿದ್ದರೆ 'ಮಾಸ್ಟರ್ ಜ್ಯಾಗರಿ ಮೇಕರ್' ಅಂತ ಹಾಕುತ್ತಿದ್ದೆ. ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಮುಟ್ಟಿ ಹದ ಹೇಳುವವರಿಗೆ ಅದೇ ಸರಿ, ಕೈಕೆಲಸದ ಗೌರವ ಅದರಲ್ಲಿದೆ. ಕೆಳಗೆ ಸಣ್ಣಕ್ಷರದಲ್ಲಿ 30 ವರ್ಷದ ಅನುಭವ ಅಂತ ಸೇರಿಸಿ, ಸಾಕು.

ನಿಮ್ಮ ಪ್ರಶ್ನೆಗೆ ಇನ್ಯಾರೋ ಸೀಸನ್ಡ್, ಅಂದರೆ ಪಳಗಿದವರು, ಅಂತ ಹಾಕಿ ಅಂದಿದ್ದಾರೆ. ಬೇರೆ ಕಡೆ ಒಳ್ಳೆ ಪದವೇ, ಆದರೆ ತಿನ್ನುವ ಪದಾರ್ಥದ ಡಬ್ಬಿ ಮೇಲೆ ಹಾಕಿದರೆ ಬೆಲ್ಲಕ್ಕೆ ಮಸಾಲೆ ಬೆರೆಸಿದ್ದಾರೆ ಅಂದುಕೊಳ್ಳುವವರೇ ಜಾಸ್ತಿ.