ಆ ಅಜ್ಜಿಯ ಹಿತ್ತಲಿಗೆ ಒಮ್ಮೆ ಹೋಗಿ ಬನ್ನಿ

ಪ್ರಶ್ನೆ: ಮಗಳ ಮನೆಗೆಂದು ಜಮೈಕಾದ ಕಿಂಗ್‌ಸ್ಟನ್‌ಗೆ ಬಂದಿದ್ದೇನೆ. ಇಲ್ಲಿ ಹಸಿ ಕಸ, ಒಣ ಕಸ ಎಂಬ ಭೇದವೇ ಇಲ್ಲ. ಎಲ್ಲವೂ ಒಂದೇ ಕಪ್ಪು ಚೀಲಕ್ಕೆ. ಮಳೆ ಬಂದರೆ ಚರಂಡಿ ತುಂಬ ಪ್ಲಾಸ್ಟಿಕ್ ಬಾಟಲಿ. ಪಕ್ಕದ ಮನೆಯ ಅಜ್ಜಿಯಂತೂ ಹಳೇ ಡ್ರಮ್ಮು, ಐಸ್‌ಕ್ರೀಂ ಡಬ್ಬಿ, ರಮ್ ಬಾಟಲಿಗಳನ್ನು ಹಿತ್ತಲಲ್ಲಿ ಗುಡ್ಡೆ ಹಾಕಿಕೊಂಡಿದ್ದಾಳೆ. ಈ ಜನಕ್ಕೆ ಬುದ್ಧಿ ಬರುವುದು ಯಾವಾಗ? ನಮ್ಮ ಮೈಸೂರಿನ ಪದ್ಧತಿಯನ್ನು ಇವರಿಗೆ ಯಾರಾದರೂ ಕಲಿಸಬಾರದೇ?
(ನಿವೃತ್ತ ಶಿಕ್ಷಕರು, ಮೈಸೂರು. ಹೆಸರು ಬೇಡ ಎಂದಿದ್ದಾರೆ.)

ಉತ್ತರ: ಮೇಷ್ಟ್ರೇ, ಎರಡು ಪುಟ ಕೈಯಲ್ಲಿ ಬರೆದು, ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದೀರಿ. ಜಾಗ ಇಲ್ಲದ್ದಕ್ಕೆ ಮೇಲೆ ಅದರ ಸಾರ ಮಾತ್ರ ಕೊಟ್ಟಿದ್ದೇನೆ. ಅಕ್ಷರ ನೋಡಿ ಖುಷಿಯಾಯಿತು. ವಿಷಯ ಓದಿ ಸ್ವಲ್ಪ ಸಿಟ್ಟು ಬಂತು. ಅದಕ್ಕೇ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ನಿಮಗೊಬ್ಬರಿಗೇ ಉತ್ತರ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಪಾಲಿನ ನಿಜ ಹೇಳಿಬಿಡುತ್ತೇನೆ. ಕಸವನ್ನು ಬೇರೆ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನೀವಿರುವ ಊರಿನ ಪಶ್ಚಿಮಕ್ಕೆ ರಿವರ್‌ಟನ್ ಎಂಬ ಕಸದ ಗುಡ್ಡ ಇದೆ. ಆ ದೇಶದ ಅರ್ಧಕ್ಕಿಂತ ಜಾಸ್ತಿ ಕಸ ಅಲ್ಲಿಗೇ ಬೀಳುತ್ತದೆ. 2015ರ ಮಾರ್ಚ್‌ನಲ್ಲಿ ಅದಕ್ಕೆ ಬೆಂಕಿ ಬಿತ್ತು. ದಿನಗಟ್ಟಲೆ ಊರಿನ ಮೇಲೆ ಹೊಗೆ. ಶಾಲೆಗಳನ್ನು ಮುಚ್ಚಿದರು, ನೂರಾರು ಜನ ಉಸಿರಾಟದ ತೊಂದರೆ ಎಂದು ಆಸ್ಪತ್ರೆಗೆ ಓಡಿದರು. ಹಸಿ ಕಸ ಒಳಗೊಳಗೇ ಕೊಳೆತು ಗ್ಯಾಸ್ ಆಗುತ್ತದೆ. ಪಕ್ಕದಲ್ಲೇ ಟೈರು, ಪ್ಲಾಸ್ಟಿಕ್ಕು ಇದ್ದರೆ ಒಂದು ಕಿಡಿ ಸಾಕು. ಹಿತ್ತಲಲ್ಲಿ ಕಸ ಸುಡುವ ಚಾಳಿಯೂ ಅಲ್ಲಿ ಇದೆ, ಅದೂ ತಪ್ಪೇ. ಒಪ್ಪಿದೆ. ಆಯ್ತಲ್ಲ?

ಈಗ ಆ ಅಜ್ಜಿಯ ವಿಷಯಕ್ಕೆ ಬರೋಣ. ನಿಮ್ಮ ಇಡೀ ಪತ್ರದಲ್ಲಿ ನನಗೆ ಹಿಡಿಸಿದ್ದು ಅವರೊಬ್ಬರೇ.

ಅವರ ಹಿತ್ತಲ ಡ್ರಮ್ಮು ಎಲ್ಲಿಂದ ಬಂತು ಅಂತ ಕೇಳಿದ್ದೀರಾ? ಜಮೈಕಾದಲ್ಲಿ ಮನೆಗೊಬ್ಬರಾದರೂ ನ್ಯೂಯಾರ್ಕಲ್ಲೋ ಲಂಡನ್ನಲ್ಲೋ ಟೊರಾಂಟೊದಲ್ಲೋ ದುಡಿಯುತ್ತಿರುತ್ತಾರೆ. ಅವರು ಒಂದು ದೊಡ್ಡ ಬ್ಯಾರೆಲ್ ತಗೊಂಡು ಅಕ್ಕಿ, ಎಣ್ಣೆ, ಸೋಪು, ಮಕ್ಕಳ ಬಟ್ಟೆ, ಶೂ ಎಲ್ಲ ತುಂಬಿ ಹಡಗಿಗೆ ಹಾಕುತ್ತಾರೆ. ಕ್ರಿಸ್‌ಮಸ್ ಹತ್ತಿರ ಬಂದರೆ ಬಂದರಿನಲ್ಲಿ ಇಂಥ ಬ್ಯಾರೆಲ್‌ಗಳದ್ದೇ ರಾಶಿ. ಅಪ್ಪ ಅಮ್ಮ ದೂರದಲ್ಲಿದ್ದು, ಬ್ಯಾರೆಲ್ಲಿನಲ್ಲಿ ಬಂದ ಸಾಮಾನಿನ ಮೇಲೇ ಬೆಳೆದ ಮಕ್ಕಳಿಗೆ ಅಲ್ಲಿ ‘ಬ್ಯಾರೆಲ್ ಮಕ್ಕಳು’ ಎಂದೇ ಹೆಸರು. ಖಾಲಿಯಾದ ಮೇಲೆ ಅದು ನೀರಿನ ಡ್ರಮ್ಮಾಗುತ್ತದೆ. ಮಳೆ ಕೈಕೊಟ್ಟ ವರ್ಷ ಮೋನಾ ಜಲಾಶಯ, ಹರ್ಮಿಟೇಜ್ ಅಣೆಕಟ್ಟು ಎರಡೂ ತಳ ಕಂಡು, ಕಿಂಗ್‌ಸ್ಟನ್ ನಲ್ಲಿಯಲ್ಲಿ ನೀರು ನಿಂತಾಗ ಆ ಡ್ರಮ್ಮೇ ಗತಿ. ಮುಚ್ಚಳ ಹಾಕದಿದ್ದರೆ ಸೊಳ್ಳೆಯಾಗಿ ಡೆಂಗಿ ಬರುತ್ತದೆ, ನಿಜ. ಹಾಗಂತ ಡ್ರಮ್ ಬಿಸಾಕುತ್ತಾರಾ? ಮುಚ್ಚಳ ಹಾಕಲು ಹೇಳಿ ಅಷ್ಟೆ.

ಐಸ್‌ಕ್ರೀಂ ಡಬ್ಬಿ ತೆರೆದು ನೋಡಿ. ಐಸ್‌ಕ್ರೀಂ ಇರುವುದಿಲ್ಲ. ಬೇಯಿಸಿದ ಕಾಳೋ, ಉಳಿದ ಸಾರೋ ಇರುತ್ತದೆ. ಕೆರಿಬಿಯನ್ ಮನೆಗಳಲ್ಲಿ ಆಸೆಯಿಂದ ಡಬ್ಬಿ ತೆರೆದು ಮೋಸ ಹೋಗದ ಮಗುವೇ ಇಲ್ಲವಂತೆ. ರಮ್ ಬಾಟಲಿಯಲ್ಲಿ ಜೇನು, ಕೊಬ್ಬರಿ ಎಣ್ಣೆ, ಹರಳೆಣ್ಣೆ ಮಾರುತ್ತಾರೆ. ಆ ಗುಡ್ಡೆ ಬಹುಶಃ ಯಾವುದೋ ಜೇನು ಮಾರುವವನಿಗೆ ಕಾದಿಟ್ಟಿದ್ದು. ಇನ್ನು ಅಜ್ಜಿಯ ಒಲೆಯ ಮೇಲಿರುವ ದಪ್ಪ ಅಲ್ಯುಮಿನಿಯಂ ಪಾತ್ರೆ ನೋಡಿದ್ದೀರಾ? ಅದಕ್ಕೆ ಅಲ್ಲಿ ‘ಡಚ್ ಪಾಟ್’ ಅಂತಾರೆ. ಹಳೇ ಎಂಜಿನ್ ಭಾಗ, ಮುರಿದ ಪಾತ್ರೆ ಎಲ್ಲ ಕರಗಿಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು ಊರಿನವರೇ ಮಾಡುತ್ತಾರೆ. ಭಾನುವಾರದ ಅನ್ನ ಅದರಲ್ಲೇ ಬೇಯಬೇಕು. ಸಂಜೆ ರಸ್ತೆ ಬದಿಯಲ್ಲಿ ಕೋಳಿ ಸುಡುವವನ ಒಲೆಯೂ ಎಣ್ಣೆಯ ಡ್ರಮ್ಮೇ. ಉದ್ದುದ್ದಕ್ಕೆ ಸೀಳಿ, ಕೀಲು ಹಾಕಿ, ಕಾಲು ಬೆಸೆದರೆ ಮುಗೀತು. ನೀವು ಸಸ್ಯಾಹಾರಿಗಳಿರಬಹುದು, ಒಲೆಯನ್ನಾದರೂ ನೋಡಿ ಬನ್ನಿ.

ನಮ್ಮ ಹಳೆಯ ಕ್ರೀಡಾ ವರದಿಗಾರರೊಬ್ಬರು ನೀವಿರುವ ಊರಿನದೇ ಕ್ರಿಕೆಟ್ ಮೈದಾನ ಸಬೀನಾ ಪಾರ್ಕಿನ ಟೆಸ್ಟ್ ಪಂದ್ಯಕ್ಕೆ ಹೋಗಿದ್ದರು. ಪಂದ್ಯದ ವರದಿ ನನಗೆ ನೆನಪಿಲ್ಲ. ಕುಡಿದು ಬಿಟ್ಟ ಜ್ಯೂಸ್ ಡಬ್ಬಿಗೆ ಕಾಗದ ತುರುಕಿ ಶಾಲೆ ಹುಡುಗರು ಫುಟ್‌ಬಾಲ್ ಆಡುತ್ತಿದ್ದರಂತೆ. ಕ್ರಿಕೆಟ್ ಆಡುವವರ ಬ್ಯಾಟು ತೆಂಗಿನ ಮಟ್ಟೆ. ಅದನ್ನು ಅವರು ಎಷ್ಟು ಚೆನ್ನಾಗಿ ಹೇಳಿದರೆಂದರೆ, ಸ್ಕೋರು ಬಿಟ್ಟು ಅದನ್ನೇ ಬರೀರಿ ಮಾರಾಯ್ರೇ ಅಂದಿದ್ದೆ.

ಅಕ್ಕಪಕ್ಕದ ದ್ವೀಪಗಳದ್ದೂ ಇದೇ ಕತೆ. ಟ್ರಿನಿಡಾಡಿನ ಬಡ ಕೇರಿಯ ಹುಡುಗರು 1930ರ ದಶಕದಲ್ಲಿ ಬಿಸ್ಕತ್ತಿನ ಡಬ್ಬ, ಕಸದ ತೊಟ್ಟಿ ಬಡಿಯುತ್ತ ಸಂಗೀತ ಶುರುಮಾಡಿದರು. ಮಹಾಯುದ್ಧದ ಹೊತ್ತಿಗೆ ಅಲ್ಲಿ ಅಮೆರಿಕದ ನೌಕಾನೆಲೆ ಬಂತು, ಎಣ್ಣೆಯ ಡ್ರಮ್ಮುಗಳು ಕೈಗೆ ಸಿಕ್ಕವು. ಅದರ ತಳವನ್ನು ತಟ್ಟಿ ತಟ್ಟಿ ಸ್ವರ ಹೊರಡಿಸಿದರು. ಪೊಲೀಸರು ಓಡಿಸಿ ಓಡಿಸಿ ಬಡಿದರು. ಸ್ಟೀಲ್‌ಪ್ಯಾನ್ ಎಂಬ ಅದೇ ವಾದ್ಯಕ್ಕೆ ಈಗ ಆಗಸ್ಟ್ 11ರಂದು ವಿಶ್ವ ದಿನ, 2023ರಲ್ಲಿ ವಿಶ್ವಸಂಸ್ಥೆಯೇ ಘೋಷಿಸಿದ್ದು. ಹೈಟಿಯ ಕ್ರುವಾ-ದೆ-ಬುಕೆ ಊರಿನಲ್ಲಿ ಜಾರ್ಜ್ ಲಿಯೋಟೋ ಎಂಬ ಕಮ್ಮಾರ ಸ್ಮಶಾನಕ್ಕೆ ಕಬ್ಬಿಣದ ಶಿಲುಬೆ ಮಾಡಿಕೊಂಡಿದ್ದ. 1950ರ ದಶಕದಲ್ಲಿ ಕಲಾವಿದರ ಕಣ್ಣಿಗೆ ಬಿದ್ದ. ಇವತ್ತು ಆ ಊರಿನ ಹತ್ತಾರು ಕುಟುಂಬಗಳು ಅವನ ಹಾದಿಯಲ್ಲೇ ಹಳೇ ಡ್ರಮ್ಮುಗಳನ್ನು ಸುಟ್ಟು, ಸೀಳಿ, ಚಪ್ಪಟೆ ಮಾಡಿ ಉಳಿಯಿಂದ ಚಿತ್ರ ಕೊರೆಯುತ್ತವೆ. ‘ಬುದ್ಧಿ ಬರುವುದು ಯಾವಾಗ’ ಎಂದು ಕೇಳಿದ್ದೀರಲ್ಲ, ಈ ಸಾಲನ್ನು ಇನ್ನೊಮ್ಮೆ ಓದಿ.

ಹಾಗಾದರೆ ಚರಂಡಿಯ ಬಾಟಲಿಗಳು? ಆ ಅಜ್ಜಿಯ ಬಾಲ್ಯದಲ್ಲಿ ಅವು ಇರಲಿಲ್ಲ ಮೇಷ್ಟ್ರೇ. ಸೋಡ, ಬಿಯರು ಎಲ್ಲ ಗಾಜಿನ ಬಾಟಲಿಯಲ್ಲಿ ಬರುತ್ತಿದ್ದವು. ಅಂಗಡಿಗೆ ವಾಪಸ್ ಕೊಟ್ಟರೆ ಕಾಸು ಸಿಗುತ್ತಿತ್ತು, ಆದ್ದರಿಂದ ಬೀದಿಯಲ್ಲಿ ಒಂದೂ ಉಳಿಯುತ್ತಿರಲಿಲ್ಲ. ನಮ್ಮ ಗೋಲಿ ಸೋಡದ್ದೂ ಅದೇ ಲೆಕ್ಕ ಅಲ್ವಾ? ಬಾರ್ಬಡೋಸ್ 1986ರಲ್ಲೇ ಬಾಟಲಿಗೆ ಠೇವಣಿ ಇಡುವ ಕಾನೂನು ಮಾಡಿಕೊಂಡಿತು. ಆದರೆ ಪಾನೀಯ ಕಂಪನಿಗಳಿಗೆ ಬಾಟಲಿ ವಾಪಸ್ ತರುವ, ತೊಳೆಯುವ ಖರ್ಚು ಬೇಡವಾಯಿತು. ಹಗುರ ಪ್ಲಾಸ್ಟಿಕ್ ಬಂತು. ಲಾಭ ಕಂಪನಿಗೆ, ಖಾಲಿ ಬಾಟಲಿ ಊರಿಗೆ. ಮಳೆ ಬಂದಾಗ ಕಾಂಕ್ರೀಟ್ ಕಾಲುವೆಗಳ ಮೂಲಕ ಅದು ಕಿಂಗ್‌ಸ್ಟನ್ ಬಂದರಿಗೆ ಹೋಗುತ್ತದೆ, ಅಲ್ಲಿಂದ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿಗೆ. 2022ರಿಂದ ಕಾಲುವೆಯ ಬಾಯಿಗೆ ತೇಲುವ ತಡೆ ಕಟ್ಟಿ ಹಿಡಿಯುತ್ತಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ನಲ್ಲಿ ಬಿಟ್ಟುಕೊಂಡು ನೆಲ ಒರೆಸಿದರೆ ಎಷ್ಟು ಹೊತ್ತು ಒರೆಸಬೇಕು?

2019ರ ಜನವರಿ 1ರಿಂದ ಜಮೈಕಾ ಸರ್ಕಾರ ಸಣ್ಣ ಪ್ಲಾಸ್ಟಿಕ್ ಚೀಲ ಮತ್ತು ಸ್ಟ್ರಾ ನಿಷೇಧಿಸಿತು. ಜನರ ಬಾಯಲ್ಲಿ ‘ಸ್ಕ್ಯಾಂಡಲ್ ಬ್ಯಾಗ್’ ಆಗಿದ್ದ ಸಂತೆಯ ಕಪ್ಪು ಚೀಲ ಹೋಯಿತು. ಬಡವರು ಬಟ್ಟೆ ಚೀಲ ಹಿಡಿದರು. ಜ್ಯೂಸ್ ಡಬ್ಬಿಗೆ ಅಂಟಿಸಿದ ಸ್ಟ್ರಾಗೆ ಮಾತ್ರ ಇನ್ನೆರಡು ವರ್ಷ ವಿನಾಯಿತಿ! ಬಾಟಲಿಯನ್ನು ಯಾರೂ ಮುಟ್ಟಲೇ ಇಲ್ಲ. ಯಾರ ಚೀಲ ಮೊದಲು ಹೋಗುತ್ತದೆ, ಯಾರ ಬಾಟಲಿ ಉಳಿಯುತ್ತದೆ ನೋಡಿ.

ಮರುಬಳಕೆ ಕಾರ್ಖಾನೆ ಇಲ್ಲವೇ ಎನ್ನುತ್ತೀರಿ. ಆ ದೇಶ ನಮ್ಮ ಕಲಬುರಗಿ ಜಿಲ್ಲೆಯಷ್ಟೇ ದೊಡ್ಡದು. ಜನ 28 ಲಕ್ಷದ ಆಸುಪಾಸು. ವರ್ಷಕ್ಕೆ ಅದಕ್ಕಿಂತ ಜಾಸ್ತಿ ಪ್ರವಾಸಿಗಳು ಬಂದು, ಕುಡಿದು, ಬಾಟಲಿ ಬಿಟ್ಟು ಹೋಗುತ್ತಾರೆ. ಇಷ್ಟು ಸಣ್ಣ ಪ್ರಮಾಣಕ್ಕೆ ಕಾರ್ಖಾನೆ ಗಿಟ್ಟುವುದು ಕಷ್ಟ. ಕಿಂಗ್‌ಸ್ಟನ್ನಿನಲ್ಲಿದ್ದ ಗಾಜಿನ ಕಾರ್ಖಾನೆಯೂ ಮುಚ್ಚಿದೆ. 2014ರಲ್ಲಿ ಸರ್ಕಾರ ಮತ್ತು ಪಾನೀಯ ಕಂಪನಿಗಳು ಸೇರಿ ಒಂದು ಸಂಸ್ಥೆ ಮಾಡಿವೆ. ಅದು ಬಾಟಲಿ ಕೂಡಿಸಿ, ಒತ್ತಿ ಮೂಟೆ ಕಟ್ಟಿ ಹಡಗಿನಲ್ಲಿ ಹೊರದೇಶಕ್ಕೆ ಕಳಿಸುತ್ತದೆ. 2018ರಲ್ಲಿ ಚೀನಾ ಪ್ಲಾಸ್ಟಿಕ್ ಕಸಕ್ಕೆ ಬಾಗಿಲು ಹಾಕಿದ ಮೇಲೆ ಆ ವ್ಯಾಪಾರವೂ ಜಗತ್ತಿನ ಎಲ್ಲೆಡೆ ಅಲ್ಲಾಡಿತು. ನೀಲಿ ಡಬ್ಬಿಗೆ ಹಾಕಿ ಕೈ ತೊಳೆದುಕೊಂಡೆವು ಅಂದರೆ ಮುಗಿಯುವ ಕೆಲಸವಲ್ಲ ಇದು.

ಇನ್ನು ಮೈಸೂರು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ನಿಮ್ಮೂರು ದೇಶಕ್ಕೇ ಮೊದಲು, ಹೆಮ್ಮೆಯೇ. ಆದರೆ ಅದು ಬೆಳಗಿನ ಜಾವ ಎದ್ದು ಬರುವ ಪೌರಕಾರ್ಮಿಕರ ಸಂಪಾದನೆ, ನಮ್ಮ ನಿಮ್ಮದಲ್ಲ. ವಿದ್ಯಾರಣ್ಯಪುರಂ ಸೂಯೇಜ್ ಫಾರಂ ಪಕ್ಕದ ಬಡಾವಣೆಯವರನ್ನು ಕೇಳಿ, ಕಸದ ಗುಡ್ಡದ ವಾಸನೆ ಎಂಥದ್ದು ಅಂತ ಅವರು ಹೇಳುತ್ತಾರೆ.

ನನ್ನ ತಕರಾರು ಇಷ್ಟಕ್ಕೇ ನಿಲ್ಲುವುದಿಲ್ಲ. ನಮ್ಮಲ್ಲೇ ಎಷ್ಟೋ ಜನ ಮನೆಯಲ್ಲಿದ್ದ ಹಾರ್ಲಿಕ್ಸ್ ಬಾಟಲಿಗಳನ್ನೆಲ್ಲ ಗುಜರಿಗೆ ಹಾಕಿ, ಬಿದಿರಿನ ಮುಚ್ಚಳದ ‘ಪರಿಸರಸ್ನೇಹಿ’ ಡಬ್ಬಿಗಳನ್ನು ಆನ್‌ಲೈನಲ್ಲಿ ತರಿಸುತ್ತಾರೆ. ಅದು ಬರುವುದು ಮೂರು ಸುತ್ತು ಪ್ಲಾಸ್ಟಿಕ್ಕಿನಲ್ಲಿ! ಬಾಟಲಿ ಮಾರುವವರೇ ಪರಿಸರ ದಿನಕ್ಕೆ ಶಾಲೆಗಳಲ್ಲಿ ಪ್ರಬಂಧ ಸ್ಪರ್ಧೆ ಇಡುತ್ತಾರೆ, ಬಹುಮಾನವಾಗಿ ಪ್ಲಾಸ್ಟಿಕ್ ಟ್ರೋಫಿ ಕೊಡುತ್ತಾರೆ. ಮಿಕ್ಸಿ ಕೆಟ್ಟರೆ ರಿಪೇರಿಯವನು ‘ಹೊಸದೇ ತಗೊಳ್ಳಿ ಸರ್’ ಅಂತಾನೆ. ಬಿಡಿಭಾಗ ಸಿಗುವುದಿಲ್ಲ ಅಂತ ಅವನದ್ದೂ ಗೋಳು. ಹೀಗೆ ಮಾರಿದವರನ್ನು ಯಾರೂ ಕೇಳುವುದಿಲ್ಲ. ಚೀಲ ಹಿಡಿದು ನಿಂತ ಅಜ್ಜಿಗೆ ಮಾತ್ರ ಎಲ್ಲರೂ ಪಾಠ ಹೇಳುತ್ತಾರೆ.

ನಿಮ್ಮ ಕೈಲಾಗುವ ಕೆಲಸ ಹೇಳುತ್ತೇನೆ. ಮಗಳ ಮನೆಗೆ ಹಿತ್ತಲಿದೆ ಅಂದಿದ್ದೀರಿ. ಒಂದು ಗುಂಡಿ ತೋಡಿ ತರಕಾರಿ ಸಿಪ್ಪೆ ಅಲ್ಲಿಗೆ ಹಾಕಿ, ಮೇಲೆ ಒಣ ಎಲೆ ಮುಚ್ಚಿ. ಕಪ್ಪು ಚೀಲದ ಭಾರ ಬಹುಪಾಲು ಅಲ್ಲೇ ಇಳಿಯುತ್ತದೆ. ಬಾಟಲಿಗಳನ್ನು ಬೇರೆ ಕೂಡಿಟ್ಟು ಸಂಗ್ರಹ ಕೇಂದ್ರಕ್ಕೆ ಕೊಡಿ. ಆಮೇಲೆ ಕಾಫಿಪುಡಿ ಏನಾದರೂ ಹಿಡಿದುಕೊಂಡು ಅಜ್ಜಿಯ ಮನೆಗೆ ಹೋಗಿ, ಹಿತ್ತಲ ಒಂದೊಂದು ಸಾಮಾನಿನ ಕತೆ ಕೇಳಿಕೊಂಡು ಬಂದು ನಮಗೆ ಬರೆಯಿರಿ. ದೀಪಾವಳಿ ಸಂಚಿಕೆಗೆ ಜಾಗ ಇಟ್ಟಿದ್ದೇನೆ. 1,200 ಪದ ಮೀರಬಾರದು. ಫೋಟೋ ಇದ್ದರೆ ಕಳಿಸಿ, ಅಜ್ಜಿಯದ್ದಾದರೆ ಅವರನ್ನು ಕೇಳಿ ತೆಗೆಯಿರಿ.